ಶುಗರ್ ಗುಳಿಗೆ ಕೊಡುವ ಕಡೆಯೇ ಕಣ್ಣಿನ ಫೋಟೋ ತೆಗೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೊನ್ನೆ ಒಂದು ಉಚಿತ ನೇತ್ರ ತಪಾಸಣೆ ಶಿಬಿರದ ಸುದ್ದಿ ಬಂದಿತ್ತು. ಫೋಟೋದಲ್ಲಿ ಗಣ್ಯರು ವೇದಿಕೆ ಮೇಲೆ ಸಾಲಾಗಿ ಕೂತಿದ್ದರು. ಕೊರಳಲ್ಲಿ ಶಾಲು, ಕೈಯಲ್ಲಿ ಹೂಗುಚ್ಛ. ಕಣ್ಣು ತೋರಿಸಲು ಬಂದವರು ಮಾತ್ರ ಫೋಟೋದ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿದ್ದರು. ಇರಲಿ, ಅದು ನನ್ನ ತಕರಾರಲ್ಲ. ಶಿಬಿರ ಮಾಡುವವರನ್ನೂ ನಾನು ಹಳಿಯುವುದಿಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಮುಖ ಮತ್ತೆ ನೋಡಿದ್ದು ಇಂಥ ಶಿಬಿರಗಳಿಂದಲೇ. ನನ್ನ ತಕರಾರು ಇರುವುದು ಸುದ್ದಿಯ ಕೊನೆಯ ಸಾಲಿನ ಬಗ್ಗೆ. ಇಷ್ಟು ಜನರಿಗೆ ಪೊರೆ ಪತ್ತೆಯಾಗಿದೆ, ಉಳಿದವರ ಕಣ್ಣು ಆರೋಗ್ಯವಾಗಿವೆ ಎಂದು ಅಲ್ಲಿ ಬರೆದಿತ್ತು.

ಉಳಿದವರ ಕಣ್ಣು ಆರೋಗ್ಯವಾಗಿವೆ ಎಂದು ಯಾವುದರಿಂದ ನೋಡಿ ಹೇಳಿದರು? ಶಿಬಿರದಲ್ಲಿ ಸಾಮಾನ್ಯವಾಗಿ ಇರುವುದು ಒಂದು ಟಾರ್ಚು, ಗೋಡೆಗೆ ನೇತು ಹಾಕಿದ ಅಕ್ಷರದ ಬೋರ್ಡು, ಕೈಯಲ್ಲಿ ಹಿಡಿಯುವ ಒಂದೆರಡು ಉಪಕರಣ. ಸಾಲಲ್ಲಿ ನೂರಾರು ಜನ. ಟಾರ್ಚಿಗೆ ಕಾಣುವುದು ಕಣ್ಣಿನ ಮುಂಭಾಗ. ಪೊರೆ ಬಲಿತಿದ್ದರೆ ಅದು ಸಿಕ್ಕೇ ಸಿಗುತ್ತದೆ. ಆದರೆ ಕಣ್ಣಿನ ಹಿಂದೆ ರೆಟಿನಾ ಎಂಬ ಪರದೆ ಇದೆಯಲ್ಲ, ನಾವು ನೋಡಿದ್ದೆಲ್ಲ ಬಿದ್ದು ಮೂಡುವ ಜಾಗ, ಅದು ಟಾರ್ಚಿಗೆ ಕಾಣುವುದಿಲ್ಲ.

ನಾನು ಸಿಂಧನೂರಿನಲ್ಲಿ ಚಸ್ಮಾ ಅಂಗಡಿ ಇಟ್ಟುಕೊಂಡವನು. ಡಾಕ್ಟರ್ ಅಲ್ಲ. ಆಪ್ಟೋಮೆಟ್ರಿಯಲ್ಲಿ ಡಿಪ್ಲೊಮಾ ಮಾಡಿದ್ದೇನೆ ಅಷ್ಟೇ. ನಂಬರ್ ತೆಗೆಯುವುದು, ಫ್ರೇಮಿಗೆ ಗ್ಲಾಸು ಕೂಡಿಸುವುದು, ಸ್ಕ್ರೂ ಬಿಗಿ ಮಾಡಿ ಕೊಟ್ಟು "ರೊಕ್ಕ ಬ್ಯಾಡ, ಹೋಗ್ರಿ" ಅನ್ನುವುದು, ಇದು ನನ್ನ ದಿನಚರಿ. ಆದರೆ ಶಿಬಿರದಲ್ಲಿ ಪೊರೆ ಇಲ್ಲ ಅಂತ ಹೇಳಿಸಿಕೊಂಡವರು ಆಮೇಲೆ ಬರುವುದು ನನ್ನಂಥವನ ಅಂಗಡಿಗೇ. ಪೊರೆ ಇಲ್ಲ, ಆದರೂ ಕಣ್ಣು ಮಂಜು. ಹಾಗಾದರೆ ನಂಬರ್ ಬಂದಿರಬೇಕು ಎಂದು ಅವರೇ ತೀರ್ಮಾನ ಮಾಡಿಕೊಂಡು ಬರುತ್ತಾರೆ.

ಈ ಬೇಸಿಗೆಯಲ್ಲಿ ಒಬ್ಬ ಲಾರಿ ಡ್ರೈವರ್ ಬಂದಿದ್ದರು. ಮಿಲ್ಲುಗಳಿಂದ ಅಕ್ಕಿ ಲೋಡು ಒಯ್ಯುವವರು, ಐವತ್ತರ ಆಸುಪಾಸು. "ಅಣ್ಣಾರ, ಈ ಚಸ್ಮಾ ಹಳೇದಾತು. ರಾತ್ರಿ ಎದುರ ಗಾಡಿ ಲೈಟ್ ಬಿದ್ರ ಏನೂ ಕಾಣವಲ್ದು. ನಂಬರ್ ಬದ್ಲಿ ಮಾಡ್ರಿ" ಎಂದರು. ಕೂಡಿಸಿ ಟ್ರಯಲ್ ಫ್ರೇಮ್ ಹಾಕಿದೆ. ಬಲಗಣ್ಣು ನಂಬರ್ ಹಾಕಿದ ಮೇಲೆ ಕೊನೆಯ ಸಾಲಿನವರೆಗೂ ಇಳಿಯಿತು. ಎಡಗಣ್ಣು ಮಾತ್ರ ಮೇಲಿನಿಂದ ಮೂರನೇ ಸಾಲಿನಲ್ಲೇ ನಿಂತಿತು. ಯಾವ ಗ್ಲಾಸು ಹಾಕಿದರೂ ಅಷ್ಟೇ.

ಆಗ ಪಿನ್‌ಹೋಲ್ ಇಟ್ಟೆ. ಇದು ನಮ್ಮ ಡಬ್ಬಿಯಲ್ಲಿರುವ ಎಲ್ಲಕ್ಕಿಂತ ಅಗ್ಗದ ವಸ್ತು. ಒಂದು ಕರಿ ಬಿಲ್ಲೆ, ನಡುವೆ ಒಂದು ಮಿಲಿಮೀಟರ್‌ಗಿಂತ ತುಸು ದೊಡ್ಡ ತೂತು. ಆ ತೂತಿನಿಂದ ನೇರವಾದ ಸಣ್ಣ ಕಿರಣ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ದೋಷ ಬರೀ ನಂಬರಿನದಾಗಿದ್ದರೆ ಗ್ಲಾಸೇ ಇಲ್ಲದೆ ಅಕ್ಷರ ಸ್ಪಷ್ಟವಾಗುತ್ತದೆ. ಸ್ಪಷ್ಟವಾಗದಿದ್ದರೆ ಎಷ್ಟು ದುಬಾರಿ ಗ್ಲಾಸು ಹಾಕಿದರೂ ದಂಡ. ತೊಂದರೆ ಪೊರೆಯಲ್ಲಿರಬಹುದು, ಪರದೆಯಲ್ಲಿರಬಹುದು, ಇಲ್ಲವೇ ಕಣ್ಣಿನಿಂದ ಮೆದುಳಿಗೆ ಹೋಗುವ ನರದಲ್ಲಿರಬಹುದು. ಇವರ ಎಡಗಣ್ಣು ಪಿನ್‌ಹೋಲಿಗೂ ಜಗ್ಗಲಿಲ್ಲ. ಬಲಗಣ್ಣನ್ನು ಕೈಯಿಂದ ಮುಚ್ಚಿ ರಸ್ತೆ ಕಡೆ ನೋಡಲು ಹೇಳಿದೆ. ಎದುರಿನ ಅಂಗಡಿ ಬೋರ್ಡು ಓದಲು ಆಗಲಿಲ್ಲ. "ಇದ್ ಯಾವಾಗ ಆತ್ರಿ?" ಎಂದು ನನ್ನನ್ನೇ ಕೇಳಿದರು. ಎರಡೂ ಕಣ್ಣು ತೆರೆದಿದ್ದಾಗ ಚೆನ್ನಾಗಿರುವ ಕಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತದೆ. ಇನ್ನೊಂದು ಕೈಕೊಟ್ಟಿದ್ದು ಎಷ್ಟೋ ತಿಂಗಳು ಗೊತ್ತೇ ಆಗುವುದಿಲ್ಲ.

ಶುಗರ್ ಇದೆಯಾ ಎಂದೆ. "ಐತ್ರಿ, ಭಾಳ ವರ್ಷ ಆತು. ಸರ್ಕಾರಿ ದವಾಖಾನ್ಯಾಗ ಗುಳಿಗಿ ಕೊಡ್ತಾರ, ತಪ್ಪದಂಗ ನುಂಗ್ತೀನಿ." ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ಯಾರಾದರೂ ನೋಡಿದ್ದಾರಾ ಎಂದೆ. "ಶುಗರಿಗೂ ಕಣ್ಣಿಗೂ ಏನ್ ಸಂಬಂಧ್ರಿ?"

ಇದನ್ನು ನಮ್ಮ ಭಾಗದವರಿಗೆ ಹೇಳಲು ನನಗೆ ಒಂದೇ ದಾರಿ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ಹೊಲ ನೋಡಿದ್ದೀರಲ್ಲ ಎಂದೆ. ನೀರು ಒಳಗೊಳಗೇ ಬಸಿದು ಹೊಲ ಜವಳಾಗುತ್ತದೆ. ನೀರು ಆರಿದ ಮೇಲೆ ಬಿಳಿ ಸವಳು ಉಳಿಯುತ್ತದೆ. ಬಹಳ ವರ್ಷ ಶುಗರ್ ಜಾಸ್ತಿ ಇದ್ದರೆ ಪರದೆಯ ಸಣ್ಣ ರಕ್ತನಾಳಗಳೂ ಹೀಗೇ ಬಸಿಯಲು ಶುರುಮಾಡುತ್ತವೆ. ಬಸಿದ ನೀರು ಪರದೆಯೊಳಗೆ ನಿಂತು ಊತ ಬರುತ್ತದೆ. ಅದರ ಜೊತೆ ಬಂದ ಕೊಬ್ಬಿನ ಅಂಶ ಹಳದಿ ಚುಕ್ಕೆಯಾಗಿ ಅಲ್ಲೇ ಉಳಿಯುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಆ ಹೊಲದಾಗ ಬೆಳಿ ಬರಂಗಿಲ್ಲ ಅನ್ರಿ" ಎಂದರು. ಬರುತ್ತದೆ, ಬೇಗ ಬಸಿಗಾಲುವೆ ತೆಗೆದರೆ ಬರುತ್ತದೆ ಎಂದು ಹೇಳಿ, ರೆಟಿನಾ ಡಾಕ್ಟರ್ ಇರುವ ಊರಿಗೆ ಚೀಟಿ ಬರೆದುಕೊಟ್ಟೆ. ಚಸ್ಮಾ ಮಾರಲಿಲ್ಲ. ಅಂದಹಾಗೆ ಶುಗರ್ ಏರಿಳಿತ ಇರುವಾಗ ಚಸ್ಮಾ ಮಾಡಿಸುವುದೂ ದಂಡವೇ. ಶುಗರ್ ಹತೋಟಿಗೆ ಬಂದ ಮೇಲೆ ನಂಬರೇ ಬದಲಾಗಿಬಿಡುತ್ತದೆ.

ಈ ರೋಗದ ಕೆಟ್ಟತನ ಇರುವುದು ಅದರ ಮೌನದಲ್ಲಿ. ಮೊದಲು ಪರದೆಯಲ್ಲಿ ಬರಿಗಣ್ಣಿಗೆ ಸಿಗದಷ್ಟು ಸಣ್ಣ ಕೆಂಪು ಚುಕ್ಕೆಗಳು ಬರುತ್ತವೆ. ರಕ್ತನಾಳ ಅಲ್ಲಲ್ಲಿ ಉಬ್ಬಿದ್ದು ಅದು. ಆಮೇಲೆ ಸೋರಿಕೆ. ಕೆಲವು ನಾಳ ಮುಚ್ಚಿಹೋಗುತ್ತವೆ. ರಕ್ತ ಸಾಲದ ಪರದೆ ಹೊಸ ನಾಳ ಬೆಳೆಸಿಕೊಳ್ಳುತ್ತದೆ. ಆ ಹೊಸವು ಬಹಳ ನಾಜೂಕು, ಒಂದು ದಿನ ಒಡೆದು ಕಣ್ಣಿನ ತುಂಬ ರಕ್ತ. ನಡುಭಾಗದಲ್ಲಿ ಊತ ಬರದಿದ್ದರೆ ಅಲ್ಲಿಯವರೆಗೂ ಮನುಷ್ಯ ಅಕ್ಷರದ ಬೋರ್ಡಿನ ಕೊನೆಯ ಸಾಲು ಓದುತ್ತಲೇ ಇರಬಹುದು. ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಕಾಣದಿದ್ದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ ಎನ್ನುವವರಿಗೆ ಈ ರೋಗ ಕಾಯುವುದಿಲ್ಲ.

ಇದು ಎಲ್ಲೋ ಒಬ್ಬಿಬ್ಬರ ಪಾಡು ಅಲ್ಲ. ದೇಶದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ ಎಂದು ಐಸಿಎಂಆರ್ ನಡೆಸಿದ ಅಧ್ಯಯನ 2023ರಲ್ಲಿ ಹೇಳಿತು. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನದ ಪ್ರಕಾರ, 40 ವರ್ಷ ದಾಟಿದ ಶುಗರ್ ರೋಗಿಗಳಲ್ಲಿ ಶೇ 12.5ರಷ್ಟು ಜನರ ಪರದೆಗೆ ಪೆಟ್ಟು ಬಿದ್ದಿದೆ. ಶೇ 4ರಷ್ಟು ಜನ ದೃಷ್ಟಿಯನ್ನೇ ಕಳೆದುಕೊಳ್ಳುವ ಹಂತದಲ್ಲಿದ್ದಾರೆ. ನೂರು ಜನ ಗುಳಿಗೆಗೆ ಸಾಲು ನಿಂತರೆ ಅದರಲ್ಲಿ ನಾಲ್ಕು ಜನ. ನಿಮ್ಮ ಊರಿನ ದವಾಖಾನೆಯ ಸಾಲನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ.

ಈಗ ನನ್ನ ಮಾತಿಗೆ ಬರುತ್ತೇನೆ. ಆ ಸಾಲು ತಿಂಗಳು ತಿಂಗಳು ತಾನಾಗಿಯೇ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಅಂಟದ ರೋಗಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಬಿಪಿ ನೋಡುತ್ತಾರೆ, ಗುಳಿಗೆ ಕೊಡುತ್ತಾರೆ. ಅದೇ ಕಟ್ಟಡದಲ್ಲಿ, ಅದೇ ದಿನ, ವರ್ಷಕ್ಕೊಮ್ಮೆ ಅವರ ಎರಡೂ ಕಣ್ಣಿನ ಪರದೆಯ ಫೋಟೋ ತೆಗೆಯಿರಿ. ಕೇಳುವುದು ಇಷ್ಟೇ. ಕಣ್ಣಿನ ಫೋಟೋಗೆ ಬೇರೆ ದಿನ, ಬೇರೆ ಊರು ಎಂದರೆ ಯಾರೂ ಹೋಗುವುದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ, ಭತ್ತದ ನಾಟಿ ಹೊತ್ತಿನಲ್ಲಿ ಒಂದು ದಿನದ ಕೂಲಿ ಬಿಟ್ಟು, ಕಾಣುತ್ತಿರುವ ಕಣ್ಣನ್ನು ತೋರಿಸಲು ಬಸ್ ಹತ್ತುವವರು ಎಷ್ಟು ಜನ ಹೇಳಿ.

ಫೋಟೋ ತೆಗೆಯುವ ಯಂತ್ರಕ್ಕೆ ಫಂಡಸ್ ಕ್ಯಾಮೆರಾ ಅನ್ನುತ್ತಾರೆ. ಇದೇನೂ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಕಣ್ಣಿನೊಳಗೆ ಇಣುಕುವ ಉಪಕರಣವನ್ನು 1851ರಲ್ಲೇ ಜನರ ಮುಂದಿಟ್ಟ. ಜೈಸ್ ಕಂಪನಿ 1926ರಲ್ಲಿ ಫಂಡಸ್ ಕ್ಯಾಮೆರಾ ಮಾರುಕಟ್ಟೆಗೆ ತಂದಿತು. ಈಗ ಮೊಬೈಲ್ ಫೋನಿಗೆ ಜೋಡಿಸುವಂಥ, ಕೈಯಲ್ಲಿ ಹಿಡಿದು ತೆಗೆಯುವಂಥ ಕ್ಯಾಮೆರಾಗಳನ್ನು ನಮ್ಮ ಬೆಂಗಳೂರಿನ ಕಂಪನಿಗಳೇ ತಯಾರಿಸುತ್ತಿವೆ. ಕತ್ತಲೆ ಕೋಣೆಯಲ್ಲಿ ಕೂಡಿಸಿದರೆ ಪಾಪೆ ತಾನಾಗಿಯೇ ಹಿಗ್ಗುತ್ತದೆ, ಎಷ್ಟೋ ಜನರಿಗೆ ಡ್ರಾಪ್ಸ್ ಕೂಡ ಬೇಕಾಗುವುದಿಲ್ಲ. ವಯಸ್ಸಾದವರಿಗೆ, ಬಹಳ ವರ್ಷದ ಶುಗರ್ ಇರುವವರಿಗೆ ಪಾಪೆ ಸಣ್ಣದಿರುತ್ತದೆ, ಅವರಿಗೆ ಹಾಕಬೇಕು. ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಬೆಳಕು ಚುಚ್ಚುತ್ತದೆ. ಗಾಡಿ ಓಡಿಸಬಾರದು, ಜೊತೆಗೆ ಒಬ್ಬರು ಇರಬೇಕು. ಬಿಟ್ಟರೆ ಮತ್ತೇನೂ ಇಲ್ಲ.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. "ಕಣ್ಣು ಹೊರಗ ತೆಗದು ತೊಳದು ಮತ್ತ ಇಡ್ತಾರಂತಲ್ರೀ" ಎಂದು ನನ್ನ ಅಂಗಡಿಯಲ್ಲಿ ಈಗಲೂ ಕೇಳುತ್ತಾರೆ. ಕೇಳುವವರು ಓದದವರೇ ಎಂದು ತಿಳಿಯಬೇಡಿ, ಪದವಿ ಮುಗಿಸಿದ ಹುಡುಗರೂ ಕೇಳಿದ್ದಾರೆ. ಯಾರೂ ಕಣ್ಣು ತೆಗೆಯುವುದಿಲ್ಲ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಒಂದು ಬೆಳಕು ಒಳಗೆ ಹೋಗಿ ವಾಪಸ್ ಬರುತ್ತದೆ ಅಷ್ಟೇ. ಇಡೀ ಮೈಯಲ್ಲಿ ಕೊಯ್ಯದೆ, ಚುಚ್ಚದೆ ಒಳಗಿನ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಜಾಗ ಇದೊಂದೇ. ಅದಕ್ಕೇ ಬಿಪಿ ಮಾಡಿದ ಹಾನಿಯೂ ಇಲ್ಲಿ ಕಾಣುತ್ತದೆ. ಪರದೆ ಹಾಳಾಗಿದ್ದರೆ ಕಿಡ್ನಿಯನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರುಗಳು ಹೇಳುವುದೂ ಅದಕ್ಕೇ.

ಫೋಟೋದಲ್ಲಿ ಕಾಣದ್ದೂ ಇದೆ. ಊತ ಎಷ್ಟು ದಪ್ಪ, ಯಾವ ಪದರದಲ್ಲಿ ನೀರು ನಿಂತಿದೆ ಎಂದು ಮೇಲಿನಿಂದ ತೆಗೆದ ಫೋಟೋ ಹೇಳುವುದಿಲ್ಲ. ಅದಕ್ಕೆ ಪರದೆಯನ್ನು ಪದರ ಪದರವಾಗಿ ತೋರಿಸುವ ಓಸಿಟಿ ಎಂಬ ಸ್ಕ್ಯಾನ್ ಬೇಕು. ನಮ್ಮಕ್ಕನ ವಿಷಯದಲ್ಲಿ ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅಕ್ಕನ ಊರು ಮಸ್ಕಿ ಕಡೆ ಒಂದು ಹಳ್ಳಿ. ಶುಗರ್ ಹಳೆಯದು. ಊರಿಗೇ ಬಂದ ಶಿಬಿರವೊಂದರಲ್ಲಿ ಪೊರೆ ಇಲ್ಲ, ಹೋಗಿ ಬನ್ನಿ ಎಂದು ಕಳಿಸಿದ್ದರು. ಆಮೇಲೆ ಹಬ್ಬಕ್ಕೆ ನಮ್ಮ ಮನೆಗೆ ಬಂದವಳು, "ಅಕ್ಕಿ ಆರಿಸಿದ್ರ ಹರಳ ಕಾಣಂಗಿಲ್ಲ, ಬಾಗಲ ಚೌಕಟ್ಟು ಸೊಟ್ಟ ಕಾಣ್ತದ" ಎಂದಳು. ನೆಟ್ಟಗಿರುವುದು ಸೊಟ್ಟ ಕಂಡರೆ ಅದು ನಂಬರಿನ ಮಾತಲ್ಲ, ಪರದೆಯ ನಡುಭಾಗದ ಮಾತು. ಮರುವಾರವೇ ಹೈದರಾಬಾದಿಗೆ ಕರೆದುಕೊಂಡು ಹೋದೆ.

ಕತ್ತಲೆ ಕೋಣೆ. ಗದ್ದ ಇಡಲು ಒಂದು ಬಟ್ಟಲು, ಹಣೆ ಒತ್ತಲು ಒಂದು ಪಟ್ಟಿ. ಯಂತ್ರ ನಡೆಸುವ ಹುಡುಗಿ ತೆಲುಗಿನಲ್ಲಿ ಹೇಳಿದಳು. ನಮ್ಮ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಸಹವಾಸದಿಂದ ಅಕ್ಕನಿಗೆ ತೆಲುಗು ತಿಳಿಯುತ್ತದೆ. ಒಳಗೆ ಕಾಣುವ ಗುರುತನ್ನೇ ನೋಡು, ರೆಪ್ಪೆ ಬಡಿಯಬೇಡ ಎಂದಳು. ಒಂದು ಕೆಂಪು ಗೆರೆ ಸರಿದು ಹೋಯಿತು. ಇನ್ನೊಂದು ಕಣ್ಣು. ಮುಗಿಯಿತು. "ಇಷ್ಟ ಏನು? ಏನೂ ಮಾಡ್ಲಿಲ್ಲಲ್ಲ" ಎಂದು ಅಕ್ಕ ನನ್ನ ಕಡೆ ತಿರುಗಿದಳು. ರೊಕ್ಕ ದಂಡ ಆಯಿತು ಎಂಬ ಧಾಟಿ ಅವಳದು.

ಕಂಪ್ಯೂಟರಿನಲ್ಲಿ ಬಂದದ್ದನ್ನು ನಾನು ನೋಡುತ್ತಿದ್ದೆ. ಕಣ್ಣಿನ ಪರದೆಯನ್ನು ಅಡ್ಡಕ್ಕೆ ಕೊಯ್ದು ತೋರಿಸಿದ ಹಾಗೆ ಪದರ ಪದರವಾಗಿ ಬಂತು. ನಡುವೆ ಒಂದು ತಗ್ಗು ಇರಬೇಕು. ನಾವು ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಆ ತಗ್ಗಿನಿಂದಲೇ. ಅಕ್ಕನದು ತಗ್ಗು ಇರುವ ಕಡೆ ದಿಬ್ಬ ಎದ್ದಿತ್ತು. ದಿಬ್ಬದೊಳಗೆ ಕರಿ ಗುಳ್ಳೆಗಳು. ನಿಂತ ನೀರಿನಿಂದ ಬೆಳಕು ವಾಪಸ್ ಬರುವುದಿಲ್ಲ, ಅದಕ್ಕೇ ಅದು ಕರಿಯಾಗಿ ಕಾಣುತ್ತದೆ. ಪಕ್ಕದಲ್ಲಿ ದಪ್ಪದ ಲೆಕ್ಕ ಬಣ್ಣದಲ್ಲಿ ಬಂದಿತ್ತು. ನಡುಭಾಗ ಸುಮಾರು ಕಾಲು ಮಿಲಿಮೀಟರ್, ಅಂದರೆ 250 ಮೈಕ್ರಾನಿನ ಆಸುಪಾಸು ಇರಬೇಕು. ಅಕ್ಕನದು 400 ದಾಟಿತ್ತು, ನಕ್ಷೆ ಪೂರ್ತಿ ಕೆಂಪು.

ಈ ಓಸಿಟಿ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ. ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಜೊತೆಗಾರರು 1991ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಕಣ್ಣಿಗೆ ಕಂಡೂ ಕಾಣದಂಥ, ಕೆಂಪಿನ ಆಚೆಗಿನ ಬೆಳಕನ್ನು ಒಳಗೆ ಬಿಟ್ಟು, ಯಾವ ಪದರದಿಂದ ಎಷ್ಟು ವಾಪಸ್ ಬಂತು ಎಂದು ಅಳೆಯುತ್ತದೆ. ಆಸ್ಪತ್ರೆಗಳಲ್ಲಿ ಇರುವ ಯಂತ್ರಗಳು ಐದಾರು ಮೈಕ್ರಾನ್ ವ್ಯತ್ಯಾಸವನ್ನೂ ಹಿಡಿಯುತ್ತವೆ. ಹಿಂದೆ ಸೋರಿಕೆ ನೋಡಬೇಕೆಂದರೆ ಕೈಗೆ ಬಣ್ಣದ ಔಷಧಿ ಚುಚ್ಚಿ ಫೋಟೋ ತೆಗೆಯಬೇಕಿತ್ತು. ಈಗಲೂ ಕೆಲವರಿಗೆ ಅದು ಬೇಕಾಗುತ್ತದೆ, ಆದರೆ ತಿಂಗಳು ತಿಂಗಳು ಚುಚ್ಚುವ ಕಾಟ ತಪ್ಪಿದೆ. ಇದನ್ನು ಕಂಡುಹಿಡಿದವರಿಗೆ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. ನಮ್ಮ ಪತ್ರಿಕೆಗಳಲ್ಲಿ ಆಗ ಅದು ಸುದ್ದಿಯಾಗಿದ್ದು ನನಗಂತೂ ಕಾಣಲಿಲ್ಲ, ಕ್ಷಮಿಸಿ.

ಅಕ್ಕನಿಗೆ ಕಣ್ಣಿನೊಳಗೆ ಇಂಜೆಕ್ಷನ್ ಶುರುವಾಯಿತು. ಒಂದು ಹಾಕಿ ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿ, ಊತ ಎಷ್ಟು ಇಳಿಯಿತು ನೋಡಿ ಮುಂದಿನದು. ಅಂದರೆ ಈ ರೋಗದಲ್ಲಿ ಓಸಿಟಿ ಒಂದು ಸಲದ ಪರೀಕ್ಷೆ ಅಲ್ಲ, ಮತ್ತೆ ಮತ್ತೆ ಬೇಕು. ನಮ್ಮ ಕಷ್ಟ ಶುರುವಾಗುವುದೇ ಇಲ್ಲಿ. ಕಣ್ಣಿನ ಮುಂದೆ ಗೆರೆ ಸರಿಯುವುದು ಕೆಲವೇ ಸೆಕೆಂಡು. ಅದಕ್ಕೆ ರಾತ್ರಿ ಬಸ್ಸು, ಜೊತೆಗೊಬ್ಬರು, ಎರಡು ದಿನದ ಕೆಲಸ ಹಾಳು, ಲಾಡ್ಜು, ಊಟ. ಸ್ಕ್ಯಾನಿನ ಚಾರ್ಜಿಗಿಂತ ಬಸ್ ಚಾರ್ಜೇ ಜಾಸ್ತಿ. ಹಾಗಂತ ಒಮ್ಮೆ ಹತ್ತಿರದ ಊರಲ್ಲೇ ಸ್ಕ್ಯಾನ್ ಮಾಡಿಸಿ ಕಾಗದ ಒಯ್ದೆವು. ಡಾಕ್ಟರು ನೋಡಿ, ಇದನ್ನು ಹಳೆಯದರ ಪಕ್ಕ ಇಟ್ಟು ಲೆಕ್ಕ ಹಾಕಲು ಬರುವುದಿಲ್ಲ ಎಂದರು. ಯಂತ್ರದ ಕಂಪನಿ ಬೇರೆಯಾದರೆ ದಪ್ಪದ ಅಳತೆಯೂ ಬೇರೆ ಬರುತ್ತದೆ. ಪರದೆಯ ತಳ ಎಲ್ಲಿ ಎಂದು ಒಂದೊಂದು ಯಂತ್ರ ಒಂದೊಂದು ಕಡೆ ಗೆರೆ ಎಳೆಯುತ್ತದೆಯಂತೆ. ಮತ್ತೆ ಅಲ್ಲೇ ಸ್ಕ್ಯಾನ್ ಆಯಿತು. ಡಾಕ್ಟರು ಹೇಳಿದ್ದು ಸರಿಯೇ. ಆದರೆ ಒಂದೇ ಯಂತ್ರದಲ್ಲಿ ವರ್ಷಗಟ್ಟಲೆ ನೋಡಿಸಬೇಕು ಎಂದಾದರೆ ಆ ಯಂತ್ರ ರೋಗಿಯ ಹತ್ತಿರ ಇರಬೇಕೋ ಬೇಡವೋ? ಅಕ್ಕನ ದಿಬ್ಬ ಇಳಿದಿದೆ, ಚೌಕಟ್ಟು ನೆಟ್ಟಗಾಗಿದೆ. ಅವಳ ಮಗ ಸಂಬಳದ ನೌಕರಿಯಲ್ಲಿದ್ದಾನೆ, ಅದಕ್ಕೆ ಇದೆಲ್ಲ ಆಯಿತು. ಪಕ್ಕದ ಮನೆಯವರು ಇದೇ ತೊಂದರೆಗೆ ಎರಡು ಇಂಜೆಕ್ಷನ್ ಆದ ಮೇಲೆ ಹೋಗುವುದು ಬಿಟ್ಟರು. ಯಾಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಾದ್ದು ಏನಿದೆ ಅದರಲ್ಲಿ.

ಓಸಿಟಿ ಬರೀ ಶುಗರಿಗಲ್ಲ. ಗ್ಲಾಕೋಮಾದಲ್ಲಿ ನರದ ಎಳೆಗಳು ತೆಳುವಾಗುವುದನ್ನು, ವಯಸ್ಸಾದವರ ಪರದೆಯ ನಡುಭಾಗ ಸವೆಯುವುದನ್ನು ಇದೇ ಯಂತ್ರ ತೋರಿಸುತ್ತದೆ. ಕೀಲು ನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ನುಂಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಶುರುವಿನಲ್ಲಿ ಒಮ್ಮೆ ಪರದೆ ನೋಡಿಸಬೇಕು, 5 ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಓಸಿಟಿ ಮಾಡಿಸಬೇಕು ಎಂಬ ನಿಯಮ ಇದೆ. ಗುಳಿಗೆ ಮುಂದುವರಿಸಲು ಮೆಡಿಕಲ್ ಶಾಪಿಗೆ ಹಳೆಯ ಚೀಟಿ ಒಯ್ಯುವವರಿಗೆ ಇದನ್ನು ಯಾರು ಹೇಳಬೇಕು?

ಜಿಲ್ಲೆಗೊಂದು ಓಸಿಟಿ, ತಾಲ್ಲೂಕಿಗೊಂದು ಕ್ಯಾಮೆರಾ ಎಂದರೆ ದುಬಾರಿ ಕನಸು ಎನ್ನುವವರು ಇದ್ದಾರೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾಗೆ ಕೆಲವು ಲಕ್ಷ, ಓಸಿಟಿಗೆ ಹತ್ತಾರು ಲಕ್ಷ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಇದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅಲ್ಲಿ ಮಾತಾಡುವುದು ಸಾವಿರಾರು ಕೋಟಿಯ ಲೆಕ್ಕದಲ್ಲಿ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಫೋಟೋ ಓದಬಲ್ಲ ಕಣ್ಣಿನ ಡಾಕ್ಟರುಗಳು ಅಲ್ಲಿದ್ದಾರೆ. ತಾಲ್ಲೂಕಿನಿಂದ ಫೋಟೋ ಇಂಟರ್‌ನೆಟ್‌ನಲ್ಲಿ ಹೋದರೆ ಸಾಕು, ರೋಗಿ ಹೋಗಬೇಕಿಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಶುರುವಾಯಿತು, ನಾನೂ ಹೋಗಿ ಕೂತು ಬಂದವನೇ. ಏಮ್ಸ್ ಬರಲಿ. ಆದರೆ ಈ ಕ್ಯಾಮೆರಾಗೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ.

ಇದು ಆಗುವ ಕೆಲಸ ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಪರದೆಯಲ್ಲಿ ಆರ್‌ಒಪಿ ಎಂಬ ತೊಂದರೆ ಬರುತ್ತದೆ. ಹುಟ್ಟಿದ 30 ದಿನದೊಳಗೆ ನೋಡದಿದ್ದರೆ ಕೂಸು ಕುರುಡಾಗುವ ಅಪಾಯ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್ರಾಪ್ ಎಂಬ ಕೆಲಸ ಶುರುಮಾಡಿದರು. ತರಬೇತಾದ ಟೆಕ್ನಿಷಿಯನ್‌ಗಳು ಕ್ಯಾಮೆರಾ ಹೊತ್ತು ಹಳ್ಳಿಗಾಡಿನ ಆಸ್ಪತ್ರೆಗಳ ಶಿಶು ವಾರ್ಡಿಗೇ ಹೋಗಿ ಫೋಟೋ ತೆಗೆಯುತ್ತಾರೆ, ಡಾಕ್ಟರು ದೂರದಲ್ಲಿ ಕೂತು ನೋಡುತ್ತಾರೆ. ಸರ್ಕಾರದ ಜೊತೆ ಸೇರಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂದರು. ಅಂಗೈಯಷ್ಟು ಕೂಸಿನ ಕಣ್ಣಿಗೆ ಇಷ್ಟು ಮಾಡಬಹುದು ಎಂದರೆ, ಗದ್ದ ಇಟ್ಟು ಕೂರು ಎಂದರೆ ಕೂರುವ ದೊಡ್ಡವರಿಗೆ ಮಾಡುವುದು ಅಷ್ಟು ಕಷ್ಟವಾ? ಇಂಗ್ಲೆಂಡಿನಲ್ಲಿ 2003ರಿಂದ ಶುಗರ್ ರೋಗಿಗಳನ್ನು ಪಟ್ಟಿ ಮಾಡಿ ಕರೆದು ಫೋಟೋ ತೆಗೆಯುವ ಕಾರ್ಯಕ್ರಮ ಬಂತು. ದುಡಿಯುವ ವಯಸ್ಸಿನವರ ಕುರುಡಿಗೆ ಅಲ್ಲಿ ದಶಕಗಳ ಕಾಲ ಮೊದಲ ಕಾರಣವಾಗಿದ್ದ ಶುಗರ್ ಪರದೆ ರೋಗ ಆ ಸ್ಥಾನದಿಂದ ಕೆಳಗಿಳಿದಿದೆ ಎಂದು 2014ರಲ್ಲಿ ಪ್ರಕಟವಾದ ಲೇಖನ ತೋರಿಸಿತು.

ಈಗ ಎಐ ಓದುತ್ತದೆ, ಡಾಕ್ಟರೇ ಬೇಕಿಲ್ಲ ಎನ್ನುವ ಮಾತೂ ಕೇಳುತ್ತಿದ್ದೇನೆ. ಅಮೆರಿಕದಲ್ಲಿ 2018ರಲ್ಲೇ ಅಂಥದ್ದೊಂದಕ್ಕೆ ಅನುಮತಿ ಸಿಕ್ಕಿದೆ. ಒಳ್ಳೆಯದೇ. ಯಂತ್ರವೇ ಓದಲಿ, ಡಾಕ್ಟರೇ ಓದಲಿ, ಮೊದಲು ಫೋಟೋ ತೆಗೆಯಿರಿ. ತೆಗೆದ ಮೇಲೆ ಮುಂದಿನ ದಾರಿ ತೋರಿಸಿ. ದೋಷ ಸಿಕ್ಕವರಿಗೆ ಲೇಸರ್ ಎಲ್ಲಿ, ಇಂಜೆಕ್ಷನ್ ಎಲ್ಲಿ, ಯಾವ ದಿನ ಹೋಗಬೇಕು ಎಂದು ಬರೆದುಕೊಡದಿದ್ದರೆ ಕ್ಯಾಮೆರಾ ತಂದೂ ಪ್ರಯೋಜನವಿಲ್ಲ. ಮತ್ತೊಂದು ಮಾತು, ಫೋಟೋದ ಪ್ರತಿ ರೋಗಿಯ ಕೈಗೆ ಕೊಡಿ. ಕಾಗದ ಇಲ್ಲದಿದ್ದರೆ ಮನೆಯವರ ವಾಟ್ಸಾಪಿಗಾದರೂ ಕಳಿಸಿ. ಮುಂದಿನ ವರ್ಷದ ಫೋಟೋ ಪಕ್ಕದಲ್ಲಿಟ್ಟು ನೋಡಲು ಹಳೆಯದು ಬೇಕೇ ಬೇಕು. ಯಂತ್ರದ ಜೊತೆ ಅದನ್ನು ನಡೆಸುವವರನ್ನೂ ನೇಮಿಸಿ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಯಂತ್ರಗಳ ಮೇಲೆ ಧೂಳು ಕೂತಿದ್ದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಶಿಬಿರ ಮಾಡುವ ಸಂಘದವರಿಗೆ ನನ್ನದು ಒಂದು ಕೋರಿಕೆ. ಇದಕ್ಕೆ ರೊಕ್ಕ ಖರ್ಚಿಲ್ಲ. ನೀವು ಕೊಡುವ ಚೀಟಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿ: "ಕಣ್ಣಿನ ಹಿಂದಿನ ಪರದೆ ನೋಡಿಲ್ಲ. ಶುಗರ್, ಬಿಪಿ ಇದ್ದವರು ಅದನ್ನು ಬೇರೆ ತೋರಿಸಿಕೊಳ್ಳಿ." ಪೊರೆ ಇಲ್ಲದವರಿಗೂ ಆ ಚೀಟಿ ಕೊಟ್ಟೇ ಕಳಿಸಿ. ಶುಗರ್ ಇರುವವರು ಓದುತ್ತಿದ್ದರೆ ಅವರಿಗೂ ಇದೇ ಮಾತು. ದೊಡ್ಡವರಾದ ಮೇಲೆ ಬರುವ ಶುಗರ್ ಆದರೆ ಗೊತ್ತಾದ ದಿನವೇ ಪರದೆ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಶುಗರ್ ಇದ್ದು ಬಸುರಿಯಾದವರು ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು.

ಆಸ್ಪತ್ರೆಯಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಎಂಬ ಉತ್ತರ ಬರಬಹುದು. ಬೇಕಾದ್ದು ಒಂದು ಟೇಬಲ್, ಎರಡು ಸ್ಟೂಲು, ಒಂದು ಪ್ಲಗ್ ಪಾಯಿಂಟು, ಕಿಟಕಿಗೆ ಕರಿ ಬಟ್ಟೆ. ಮುರಿದ ಮಂಚಗಳನ್ನು ತುಂಬಿ ಬೀಗ ಹಾಕಿದ ಒಂದು ಕೋಣೆ ಇಲ್ಲದ ಸರ್ಕಾರಿ ಆಸ್ಪತ್ರೆಯನ್ನು ನಾನಂತೂ ಎಲ್ಲೂ ನೋಡಿಲ್ಲ. ಕರಿ ಬಟ್ಟೆ ಬೇಕಿದ್ದರೆ ನಾನೇ ಕೊಡಿಸುತ್ತೇನೆ.

ಇತಿ ನಿಮ್ಮ ಓದುಗ,
ಒಬ್ಬ ಚಸ್ಮಾ ಅಂಗಡಿಯವ
ಸಿಂಧನೂರು, ರಾಯಚೂರು ಜಿಲ್ಲೆ